ಜೋಡಿ ತಟ್ಟೆ

ಎಲಿಸೆಯೋ ತಕ್ಕಡಿ ಹಿಡಿದು ಅಂಗಳಕ್ಕೆ ಬಂದಾಗ ಮಿಕಾಯೆಲಾ ಅವನನ್ನು ಕೋಳಿ ವ್ಯಾಪಾರಿ ಅಂದುಕೊಂಡಳು.

"ಕೋಳಿ ಮಾರೋದಿಲ್ಲ," ಎಂದಳು, ಸೊಂಟಕ್ಕೆ ಕಟ್ಟಿದ ಮಗ್ಗದಿಂದ ತಲೆ ಎತ್ತದೆ.

"ನಾನು ಕೊಳ್ಳೋಕೆ ಬಂದಿಲ್ಲ. ನೀವು ತಿನ್ನೋದನ್ನ ತೂಗೋಕೆ ಬಂದಿದ್ದೀನಿ."

ಈಗ ತಲೆ ಎತ್ತಿದಳು. ತೆಳ್ಳಗಿನ ಮನುಷ್ಯ, ಬೆಟ್ಟ ಹತ್ತಿ ಕೆಂಪಾದ ಮುಖ, ಉದ್ದ ರೆಪ್ಪೆಯ ಕಣ್ಣು. ಗಂಡಸಿಗೆ ಅಷ್ಟು ಉದ್ದ ರೆಪ್ಪೆ ಯಾತಕ್ಕೆ ಎಂದು ಅವಳಿಗೆ ಸಿಟ್ಟೇ ಬಂತು.

"ತಿನ್ನೋಕೆ ಮುಂಚೆ ತೂಗ್ತೀರೋ, ತಿಂದ ಮೇಲೋ?"

"ಮುಂಚೆ. ಏನಾದರೂ ಉಳಿದರೆ ಆಮೇಲೂ."

"ಉಳಿದರೆ!" ಒಳಗಿನಿಂದ ಅಜ್ಜಿ ಪೆಟ್ರೋನಾ ನಕ್ಕಳು. "ಬಾ ಮಗನೇ, ಕೂತ್ಕೋ. ಉಳಿಯೋದನ್ನ ನಾವೂ ನೋಡಬೇಕು."

ಅವನು ರಾಜಧಾನಿಯ ಆಹಾರ ಸಂಶೋಧನಾ ಸಂಸ್ಥೆಯವನು. ಬೆಟ್ಟದ ಜನ ತಿನ್ನುವ ಪ್ರತಿಯೊಂದು ಕಾಳು, ಸೊಪ್ಪು, ಗೆಡ್ಡೆಯಲ್ಲಿ ಏನು ಸತ್ವವಿದೆ, ಹೆಂಗಸರ ಮೈಗೆ ಅದು ಸಾಕಾಗುತ್ತದೆಯೇ ಎಂದು ಅಲ್ಲಿ ಪಟ್ಟಿ ಮಾಡುತ್ತಿದ್ದರು. ಚೀಟಿ ಎತ್ತಿ ಊರಿನಲ್ಲಿ ಕೆಲವು ಮನೆಗಳನ್ನು ಆರಿಸಿದ್ದರು. ಎಲಿಸೆಯೋ ವಾರಕ್ಕೊಮ್ಮೆ ಬಂದು ದಿನವಿಡೀ ಒಲೆಯ ಪಕ್ಕ ಕೂರಬೇಕು. ಮಿಕಾಯೆಲಾ ಬಡಿಸಿಕೊಂಡದ್ದನ್ನೆಲ್ಲ ತೂಗಬೇಕು. ಅವಳು ಏನು ತಿಂದರೆ ಅದರಷ್ಟೇ ಇನ್ನೊಂದು ತಟ್ಟೆಗೂ ಬಡಿಸಬೇಕು. ಆ ಜೋಡಿ ತಟ್ಟೆಯ ಊಟ ಡಬ್ಬಿಯಲ್ಲಿ ರಾಜಧಾನಿಗೆ ಹೋಗುತ್ತದೆ. ಅಲ್ಲಿ ಅದನ್ನು ಅರೆದು, ಒಣಗಿಸಿ, ಸುಟ್ಟು, ಬೂದಿಯಲ್ಲಿ ಕಬ್ಬಿಣ ಎಷ್ಟು, ಸುಣ್ಣ ಎಷ್ಟು ಎಂದು ನೋಡುತ್ತಾರೆ. ಆರಿಸಿದ ಹೆಂಗಸರ ರಕ್ತವನ್ನೂ ಒಮ್ಮೆ ತೆಗೆದು ಪರೀಕ್ಷಿಸುತ್ತಾರೆ.

"ಯಾವಾಗಲೂ ತಿನ್ನೋದನ್ನೇ ತಿನ್ನಿ," ಎಂದ. "ನಾನಿದ್ದೀನಿ ಅಂತ ಏನೂ ಬೇರೆ ಮಾಡಬೇಡಿ."

ಅವರ ಮನೆಯಲ್ಲಿ ಯಾವಾಗಲೂ ತಿನ್ನುತ್ತಿದ್ದುದು ಮೆಕ್ಕೆಜೋಳದ ರೊಟ್ಟಿ, ಉಪ್ಪು. ಬೇಲಿಯಲ್ಲಿ ಚಿಗುರಿದ್ದರೆ ಗಣಿಕೆ ಸೊಪ್ಪಿನ ಸಾರು. ಆ ಉದ್ದ ರೆಪ್ಪೆಯ ಕಣ್ಣಿನೆದುರು ಬರೀ ಉಪ್ಪು ಇಡಲು ಮಿಕಾಯೆಲಾಳ ಕೈ ಬರಲಿಲ್ಲ. ಮಾರಲೆಂದು ಇಟ್ಟಿದ್ದ ಮೊಟ್ಟೆ ಒಡೆದು ಹಂಚಿನ ಮೇಲೆ ಹಾಕಿದಳು.

ಮುಂದಿನ ವಾರ ಅವನು ಬಂದಾಗ ಕೋಳಿ ಸಾರು ಕುದಿಯುತ್ತಿತ್ತು.

"ದಿನಾ ಹೀಗೇನಾ?" ಎಂದು ಕೇಳಿದ.

"ನಾವು ಉಪವಾಸ ಇರೋರ ಥರ ಕಾಣ್ತೀವಾ?"

"ಇಲ್ಲ," ಎಂದ. ಅವಳ ಕೆನ್ನೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿ ಕಣ್ಣು ತಗ್ಗಿಸಿದ. "ಬೆರಳು ತೆಗೀರಿ. ತಟ್ಟೆ ಜೊತೆ ಅದರ ತೂಕವೂ ಸೇರುತ್ತೆ."

"ಸೇರಲಿ. ಬೆರಳಾದರೂ ರಾಜಧಾನಿ ನೋಡಿ ಬರಲಿ."

ಅವನು ನಕ್ಕು ಅವಳ ಬೆರಳನ್ನು ತಾನೇ ಮೆಲ್ಲಗೆ ಎತ್ತಿದ. ತಕ್ಕಡಿ ಸ್ಥಿರವಾಗಲು ತುಂಬ ಹೊತ್ತು ಹಿಡಿಯಿತು.

ಹೀಗೆ ಶುರುವಾಯಿತು. ಅವನು ಬರುವ ದಿನ ಅವಳು ತಲೆಗೆ ಕೆಂಪು ಪಟ್ಟಿ ಸುತ್ತುತ್ತಿದ್ದಳು. ಅವನು ನೀವು ಬಿಟ್ಟು ನೀನು ಎಂದ. ಒಲೆಯ ಹೊಗೆಗೆ ಅವನ ಕಣ್ಣಲ್ಲಿ ನೀರು ಬಂದರೆ, "ಏನು, ಊರು ಬಿಟ್ಟು ಹೋಗಬೇಕಲ್ಲ ಅಂತ ಅಳ್ತಿದ್ದೀಯಾ?" ಎಂದು ಕೆಣಕುತ್ತಿದ್ದಳು. ಮೊಟ್ಟೆ ಮಾರಿದ ಕಾಸಿಲ್ಲದೆ ಉಳಿದ ದಿನಗಳಲ್ಲಿ ಅವಳ ರೊಟ್ಟಿ ಚಿಕ್ಕದಾಯಿತು. ಝರಿಯಿಂದ ನೀರು ತರುವಾಗ ಕಣ್ಣು ಕತ್ತಲಿಟ್ಟು ಕಲ್ಲಿನ ಮೇಲೆ ಕುಳಿತುಬಿಡುತ್ತಿದ್ದಳು.

"ಅವನೇನು ತಿಂತಾನೇನೇ ಹುಚ್ಚಿ?" ಎಂದಳು ಅಜ್ಜಿ, ಬರಿದಾಗುತ್ತಿದ್ದ ಕೋಳಿಗೂಡು ನೋಡಿ. "ಡಬ್ಬಿಗೆ ತುಂಬ್ಕೊಂಡು ಹೋಗಿ ಸುಡ್ತಾನೆ. ನೀನು ಕೋಳಿ ಕುಯ್ಯೋದು ಅವನಿಗಲ್ಲ, ಅವನ ಒಲೆಗೆ."

ಆದರೆ ಸುದ್ದಿ ಬೇಲಿ ದಾಟಿತ್ತು. ಅವಳ ಮನೆಯಲ್ಲಿ ಕೋಳಿಯಾದರೆ ನಮ್ಮಲ್ಲಿ ಹಂದಿಮಾಂಸ ಎಂದು ಆರಿಸಿದ ಉಳಿದ ಮನೆಯವರೂ ಪಟ್ಟು ಹಿಡಿದರು. ಸಾಲ ಸೋಲ ಮಾಡಿ ತೂಕದ ದಿನ ಹಬ್ಬ ಮಾಡಿದರು.

ಕೊನೆಯ ತೂಕದ ದಿನ ಎಲಿಸೆಯೋ ತಕ್ಕಡಿಯನ್ನು ಬಟ್ಟೆಯಲ್ಲಿ ಸುತ್ತುತ್ತ, "ಕೊಯ್ಲು ಮುಗಿದ ಮೇಲೆ ನನ್ನಮ್ಮನನ್ನ ಕರ್ಕೊಂಡು ಬರ್ತೀನಿ," ಎಂದ. "ಅಜ್ಜಿ ಹತ್ತಿರ ನಿನ್ನ ಕೇಳೋಕೆ. ಬರಲಾ?"

ಅವಳು ಬಾ ಎನ್ನಲಿಲ್ಲ. ಅವನ ಅಂಗಿಗೆ ಅಂಟಿದ್ದ ಬೂದಿಯನ್ನು ಒರೆಸಿದಳು. ಬೂದಿ ಹೋದ ಮೇಲೂ ಒರೆಸುತ್ತಿದ್ದಳು.

ಕೊಯ್ಲಿಗೆ ಮುಂಚೆ ಬಂದದ್ದು ಬೇರೆ ಸುದ್ದಿ. ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ, ಕೂಸುಗಳಿಗೆ ಕೊಡುತ್ತಿದ್ದ ಪೌಷ್ಟಿಕ ಹಿಟ್ಟು ನಿಂತಿತು. "ಈ ಊರಿನ ಹೆಂಗಸರ ಊಟ ಚೆನ್ನಾಗಿದೆಯಂತೆ," ಎಂದಳು ನರ್ಸಮ್ಮ. "ತಟ್ಟೆ ತೂಗಿ ನೋಡಿದ್ದಾರಂತೆ. ಹಿಟ್ಟು ಇನ್ನು ಆಚೆ ಕಣಿವೆಯವರಿಗೆ."

ಪಕ್ಕದ ಮನೆಯ ಕಾಂದೆಲಾರಿಯಾಳ ಮಗಳು ಆ ಹಿಟ್ಟಿನ ಗಂಜಿಯಲ್ಲೇ ಬೆಳೆಯುತ್ತಿದ್ದಳು. ಆಗಷ್ಟೇ ಹೆಜ್ಜೆ ಇಡಲು ಕಲಿತಿದ್ದ ಮಗು. ಮೊದಲು ಅದರ ಪಾದಗಳು ಊದಿದವು. ಆಮೇಲೆ ಮುಖ ಊದಿತು. ಕೂದಲು ಕೈಗೆ ಬರತೊಡಗಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ತಂದು ಮಣ್ಣು ಮಾಡಿದರು.

ಮಾರನೆಯ ಬೆಳಿಗ್ಗೆ ಕಾಂದೆಲಾರಿಯಾ ಮಿಕಾಯೆಲಾಳ ಬಾಗಿಲಿಗೆ ಬಂದಳು. ಬೈಯಲಿಲ್ಲ, ಅಳಲಿಲ್ಲ. ಮಿಕಾಯೆಲಾಳ ಕೈ ಬಿಡಿಸಿ ಒಂದು ಮೊಟ್ಟೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ನಿನ್ನವನು ಬಂದಾಗ ಬೇಯಿಸಮ್ಮ," ಎಂದು ಹೇಳಿ ಹೋದಳು.

ಮಿಕಾಯೆಲಾ ಅಂದೇ ಬಸ್ಸು ಹತ್ತಿದಳು.

ಸಂಸ್ಥೆಯ ಪ್ರಯೋಗಾಲಯದಲ್ಲಿ ಎಲಿಸೆಯೋ ಬಿಳಿ ಕೋಟು ತೊಟ್ಟು ಯಾವುದೋ ಊರಿನ ಹುರುಳಿಕಾಯಿ ಅರೆಯುತ್ತಿದ್ದ. ಅವಳನ್ನು ಕಂಡು ಅವನ ಮುಖ ಅರಳಿದ ರೀತಿಗೆ, ಬಂದ ಕೆಲಸ ಅವಳಿಗೆ ಅರೆಗಳಿಗೆ ಮರೆತೇ ಹೋಯಿತು.

"ನಿನ್ನೆದುರು ಬಡಿಸಿದ್ದೆಲ್ಲ ಸುಳ್ಳು," ಎಂದಳು. "ನಾವು ತಿನ್ನೋದು ರೊಟ್ಟಿ, ಉಪ್ಪು. ಅದನ್ನ ಹೇಳೋಕೆ ಬಂದೆ. ಹಿಟ್ಟು ನಿಂತು ಒಂದು ಮಗು ಸತ್ತುಹೋಯ್ತು."

ಅವನು ಯಂತ್ರ ನಿಲ್ಲಿಸಿದ. ಯಾವ ಮಗು ಎಂದು ಕೇಳಲಿಲ್ಲ.

"ಸುಳ್ಳು ಅಂತ ನನಗೆ ಗೊತ್ತಿತ್ತು, ಮಿಕಾಯೆಲಾ."

"ಯಾವಾಗಿಂದ?"

"ನಿನ್ನ ರಕ್ತ ಪರೀಕ್ಷೆ ಬಂದಾಗಿನಿಂದ. ದಿನಾ ಮಾಂಸ ತಿನ್ನೋಳ ರಕ್ತ ಅಷ್ಟು ತೆಳ್ಳಗಿರಲ್ಲ. ಊಟ ಸರಿಯಿದೆ, ಹೊಟ್ಟೇಲಿ ಹುಳ ಇರಬಹುದು ಅಂತ ಬರೆದೆ. ಬೇರೆ ಮನೆಯವರ ಬಗ್ಗೆಯೂ ಹಾಗೇ ಬರೆದೆ."

"ಹಿಟ್ಟಿನ ವಿಷಯ?"

"ಊಟ ನೋಡಿ ಹಿಟ್ಟು ಹಂಚ್ತಾರೆ ಅಂತಾನೂ ಗೊತ್ತಿತ್ತು." ಅವನು ಅರೆಯುವ ಪಾತ್ರೆಯನ್ನು ಬದಿಗೆ ಸರಿಸಿದ. "ನಿಜ ಹೇಳಿದ್ದರೆ ನಿಮ್ಮ ಮನೆಗೆ ಇನ್ಯಾರನ್ನೋ ಕಳಿಸ್ತಿದ್ದರು. ಅದೂ ಅಲ್ಲದೆ, ನನಗೋಸ್ಕರ ಯಾರೂ ಯಾವತ್ತೂ ಕೋಳಿ ಕುಯ್ದವರಲ್ಲ. ನೀನು ಹಸಿದುಕೊಂಡು ನನಗೋಸ್ಕರ ಬಡಿಸ್ತಿದ್ದೆ. ಅದು ನನಗೆ ಇಷ್ಟ ಆಗ್ತಿತ್ತು."

ಅವನು ಹೇಳಿದ್ದು ಸುಳ್ಳಾಗಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು. ನಿಜ ಹೇಳುತ್ತಿದ್ದ. ಪ್ರೀತಿಸಿಯೇ ಹೇಳುತ್ತಿದ್ದ.

"ನಾನು ತಿಳಿಯದೆ ಮಾಡಿದೆ," ಎಂದಳು ಅವಳು. "ನೀನು ತಿಳಿದು ಮಾಡಿದೆ. ನಡಿ, ನಿಮ್ಮ ಮೇಲಿನವರು ಯಾರಿದ್ದಾರೆ? ನಾನು ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತ್ಕೋ."

"ಕೆಲಸ ಹೋಗುತ್ತೆ."

"ಹೋಗಲಿ."

ಅವನು ಕೋಟು ಬಿಚ್ಚಿಟ್ಟು ಅವಳ ಹಿಂದೆ ನಡೆದ. ಮೇಲಧಿಕಾರಿ ಹೆಂಗಸು ಕನ್ನಡಕ ತೆಗೆದು ಇಬ್ಬರ ಮಾತನ್ನೂ ಕೇಳಿದಳು. ಆ ಊರಿನ ಲೆಕ್ಕವನ್ನೆಲ್ಲ ರದ್ದು ಮಾಡಿದಳು. ಎಲಿಸೆಯೋನನ್ನೂ ಮನೆಗೆ ಕಳಿಸಿದಳು. ಬಸ್ ನಿಲ್ದಾಣದವರೆಗೆ ಅವನು ಮಿಕಾಯೆಲಾಳ ಜೊತೆಗೇ ಬಂದ. ಕಿಟಕಿಯ ಸರಳಿನ ಮೇಲಿದ್ದ ಅವಳ ಕೈ ಮೇಲೆ ಕೈ ಇಟ್ಟ. ಬಸ್ಸು ಹೊರಡುವವರೆಗೂ ಅವಳು ಅದನ್ನು ಸರಿಸಲಿಲ್ಲ.

ಮಳೆಗಾಲ ಕಳೆದ ಮೇಲೆ ಸಂಸ್ಥೆಯಿಂದ ಒಬ್ಬ ಹೆಂಗಸು ತಕ್ಕಡಿ ತಂದಳು. ಅಷ್ಟರಲ್ಲಿ ಮಿಕಾಯೆಲಾ ಮನೆಮನೆಗೂ ಹೋಗಿ, ಇದ್ದದ್ದನ್ನೇ ಇಡಿ ಅಕ್ಕ, ಉಪ್ಪಿದ್ದರೆ ಉಪ್ಪೇ ಇಡಿ ಎಂದು ಕೈಮುಗಿದಿದ್ದಳು. ಕೆಲವರು ಮುಖದ ಮೇಲೆ ಬಾಗಿಲು ಹಾಕಿದ್ದರು. ಆದರೂ ಮಾತು ಕೇಳಿದರು. ಹಿಟ್ಟು ಮತ್ತೆ ಬಂತು. ಹಿಟ್ಟಿನ ಸಾಲಿನಲ್ಲಿ ಕಾಂದೆಲಾರಿಯಾ ನಿಲ್ಲಲಿಲ್ಲ. ಅವಳಿಗೆ ಅದರ ಅಗತ್ಯವಿರಲಿಲ್ಲ. ದಾರಿಯಲ್ಲಿ ಸಿಕ್ಕರೆ ಮಿಕಾಯೆಲಾಳನ್ನು ಕಲ್ಲನ್ನು ದಾಟುವಂತೆ ದಾಟಿ ಹೋಗುತ್ತಿದ್ದಳು.

ಒಂದು ದಿನ ನರ್ಸಮ್ಮ ಅಂಗಳಕ್ಕೆ ಬಂದು ದನಿ ತಗ್ಗಿಸಿದಳು.

"ಎಲಿಸೆಯೋ ಸಿಕ್ಕಿದ್ದ ಕಣೇ. ಕರಾವಳಿಯ ಕಬ್ಬಿನ ತೋಟದಲ್ಲಿ ಕೂಲಿಗಿದ್ದಾನೆ. ಕರ್ರಗಾಗಿ ಕಡ್ಡಿಯಾಗಿದ್ದಾನೆ. ನೀನು ಹೂಂ ಅಂದರೆ ನಾಳೆನೇ ಅಮ್ಮನನ್ನ ಕರ್ಕೊಂಡು ಬರ್ತಾನಂತೆ. ಬೇಡ ಅಂದರೆ ಇನ್ನು ಕೇಳೋದಿಲ್ಲವಂತೆ. ಅವಳ ಊಟ ಆಗ್ತಿದೆಯಾ, ಅದನ್ನಾದರೂ ಕೇಳ್ಕೊಂಡು ಬನ್ನಿ ಅಂದ."

ಮಿಕಾಯೆಲಾ ಮಗ್ಗದ ದಾರವನ್ನು ಬಿಗಿ ಮಾಡಿದಳು. ಕಣ್ಣು ತುಂಬಿ ಬಣ್ಣಗಳೆಲ್ಲ ಒಂದಾದವು. ಬೇಲಿಯಾಚೆ ಕಾಂದೆಲಾರಿಯಾ ಒಬ್ಬಳಿಗಾಗುವಷ್ಟು ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ಬೆಳಗಿನಿಂದ ಮಿಕಾಯೆಲಾಳ ಬಾಯಿಗೆ ಒಂದು ತುತ್ತೂ ಬಿದ್ದಿರಲಿಲ್ಲ.

"ಊಟ ಆಯ್ತಂತೆ," ಎಂದಳು, "ಅಷ್ಟೇ ಹೇಳಿಬಿಡಿ."