ವೇಲಿನಡಿಯ ಹಳದಿ

ಹೂವಿನ ಬಣ್ಣ ಎಣಿಸಲೆಂದೇ ಕಟ್ಟಿದ, ಹೆಬ್ಬೆರಳಿನಷ್ಟು ದೊಡ್ಡ ಹಾರುಯಂತ್ರ ಅದು, ಹೆಸರು ಎಣಿದುಂಬಿ. ಲಂಟಾನದ ಪೊದೆಗಳಲ್ಲಿ ಹೂವಿಂದ ಹೂವಿಗೆ ಹಾರಿ, ಒಂದೊಂದರ ಮೇಲೂ ಕಾಲೂರಿ ಬಣ್ಣ ಅಳೆಯಿತು. ಅದನ್ನು ತಂದಿದ್ದ ಜಿಲ್ಲೆಯ ವಿಜ್ಞಾನಿ ಡಾ. ವೃಷಭೇಂದ್ರರ ಕೈಲಿದ್ದ ಫಲಕದಲ್ಲಿ ಲೆಕ್ಕ ಮೂಡಿತು: ಹಳದಿ ಇನ್ನೂರ ಹತ್ತು, ಗುಲಾಬಿ ಮುನ್ನೂರ ಆರು.

"ನೋಡಿ ಮೇಡಂ, ಇನ್ನು ಮಕ್ಕಳು ಬಿಸಿಲಲ್ಲಿ ಬೇಯಬೇಕಾಗಿಲ್ಲ."

ಕೆಟ್ಟವರಲ್ಲ, ಬಂದ ಕೂಡಲೇ ತಮ್ಮ ನೀರಿನ ಬಾಟಲಿಯನ್ನು ಮಕ್ಕಳಿಗೆ ಕೊಟ್ಟಿದ್ದರು. ಆದರೆ ಮಕ್ಕಳು ಹೂ ಎಣಿಸುವ ಗುಡ್ಡದ ಮೇಲಿನ ತರಗತಿಯನ್ನು ಇಂದೇ ನಿಲ್ಲಿಸುವ ಆದೇಶವೂ ಅವರ ಚೀಲದಲ್ಲೇ ಇತ್ತು.

ಕುಮುದಿನಿ ಟೀಚರ್ ಮಕ್ಕಳತ್ತ ನೋಡಿದರು. ಜೇನು, ಚಿಟ್ಟೆಗಳು ಅಳಿದು ಆರು ವರ್ಷ. ಕುಂಬಳದ ಬಳ್ಳಿ ಹೂ ಬಿಡುತ್ತಿತ್ತು, ಕಾಯಿ ಕಚ್ಚುತ್ತಿರಲಿಲ್ಲ. ಮಕ್ಕಳಿಗೆ ಕೊಡಲು ಅವರಲ್ಲಿ ಉಳಿದಿದ್ದು ಇದೊಂದೇ: ಹತ್ತಿರ ಹೋಗಿ, ಕೂತು, ನೋಡುವುದು. ಅದೂ ಹೋದರೆ?

"ಕೊನೆಯ ಸಲ ಮಕ್ಕಳೇ ಎಣಿಸಲಿ ಸಾರ್. ಕಾಲು ಗಂಟೆ ಸಾಕು," ಎಂದು ಬೇಡಿಕೊಂಡರು.

ಮಕ್ಕಳು ಪೊದೆಗಳಿಗೆ ಮುಗಿಬಿದ್ದರು. ಎಂಟನೇ ತರಗತಿಯ ರುಖಿಯಾ ಕೂಗಿದಳು, "ಮಿಸ್, ನನ್ನ ವೇಲ್ ಇಲ್ಲೇ ಇದೆ!" ಕಳೆದ ವಾರದ ತರಗತಿಯಲ್ಲಿ ಟೀಚರ್ ತಲೆಗೆ ನೆರಳಾಗಲೆಂದು ಪೊದೆಯ ಮೇಲೆ ಹರಡಿ ಮರೆತಿದ್ದಳು. "ಇದರ ಕೆಳಗೆ ಬರೀ ಹಳದಿ. ಒಂದೂ ಗುಲಾಬಿ ಇಲ್ಲ."

"ನಿನ್ನ ವೇಲೇ ಬಣ್ಣ ಕುಡಿದಿರಬೇಕು ಬಿಡೇ," ಎಂದು ಗೆಳತಿ ಛೇಡಿಸಿದಳು.

ಟೀಚರ್ ನಗಲಿಲ್ಲ. ಪರಾಗ ತಾಗಿದರೆ ಈ ಹೂ ಹಳದಿಯಿಂದ ಗುಲಾಬಿಗೆ ತಿರುಗುತ್ತದೆ. ಆರು ವರ್ಷದಿಂದ ಹಳದಿಯಾಗಿಯೇ ಉದುರುತ್ತಿತ್ತು. ಈ ಮುನ್ನೂರ ಆರು ಗುಲಾಬಿ ಹೂಗಳನ್ನು ಮುಟ್ಟಿದ್ದು ಯಾರು? ಸಂಕಟದಲ್ಲಿ ತಾವೇ ನೋಡಿರಲಿಲ್ಲ!

"ಸಾರ್, ನಿಮ್ಮ ದುಂಬಿ ಇಲ್ಲಿಗೆ ಬಂದು ಎಷ್ಟು ದಿನವಾಯಿತು?"

"ಪರೀಕ್ಷೆಗೆ ಅಂತ ಮೂರು ದಿನದಿಂದ ಬಿಟ್ಟಿದ್ದೇವೆ."

"ಅದರ ಕಾಲು ತೋರಿಸಿ."

"ಅಯ್ಯೋ, ಆ ಹಳದಿ ಧೂಳೇ? ಒರೆಸಿ ಒರೆಸಿ ಸಾಕಾಗಿದೆ."

"ಒರೆಸಬೇಡಿ! ಅದು ಪರಾಗ ಸಾರ್. ಎಣಿಸೋಕೆ ಅಂತ ನೀವು ಮಾಡಿದ್ದು ಜೇನಿನ ಕೆಲಸ ಮಾಡ್ತಿದೆ. ವೇಲಿನ ಕೆಳಗೆ ಹೋಗೋಕಾಗಿಲ್ಲ, ಅಷ್ಟೆ."

ವೃಷಭೇಂದ್ರರು ಪೊದೆಯ ಮುಂದೆ ಮಂಡಿಯೂರಿದರು. ಫಲಕ ಜಾರಿ ಮಣ್ಣಿಗೆ ಬಿದ್ದರೂ ಎತ್ತಿಕೊಳ್ಳಲಿಲ್ಲ.

"ಇಡೀ ಜಿಲ್ಲೆಗೆ ಇರೋದು ನಲವತ್ತೇ ದುಂಬಿ," ಎಂದರು. "ಇವತ್ತೇ ಎಲ್ಲವನ್ನೂ ಹೊಲ, ತೋಟಗಳಿಗೆ ಕಳಿಸಬೇಕು. ಎಲ್ಲಿ ಕಾಯಿ ಕಚ್ಚಿತು, ಎಲ್ಲಿ ಕಚ್ಚಲಿಲ್ಲ ಅಂತ ಎಣಿಸೋಕೆ ಒಂದೂ ಉಳಿಯೋದಿಲ್ಲ, ಮೇಡಂ."

ಮಕ್ಕಳತ್ತ ತಿರುಗಿದರು. "ನೀವು ಎಷ್ಟು ಜನ ಇದ್ದೀರಮ್ಮ?"

ರುಖಿಯಾ ತಲೆ ಎತ್ತಲಿಲ್ಲ. "ತಡೀರಿ ಸಾರ್, ಎಣಿಕೆ ತಪ್ಪುತ್ತೆ."