ಭಾನುವಾರದ ಎರಡು ಗಂಟೆ

"ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದೂ... ಈ ವಯಸ್ಸಲ್ಲಿ ವಿಡಿಯೋ ಗೇಮ್ ಆಡ್ತೀಯಾ ತಾಯಿ?"

ಬಿಡುವಿನಲ್ಲಿ ಏನು ಮಾಡುತ್ತೀಯೆಂದು ಕೇಳಿ ತಿಳಿದ ಪದ್ಮಾ ಅವರ ಈ ಮಾತಿಗೆ ಅಕ್ಷಯಾಳ ಕೈಯಲ್ಲಿದ್ದ ಕಾಫಿ ಲೋಟ ತುಟಿಗೆ ಬರುವ ಮುನ್ನವೇ ನಿಂತಿತು.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಆ ಫ್ಲ್ಯಾಟಿಗೆ ಅವಳು ಅಪ್ಪನ ಜೊತೆ ಬಂದದ್ದು ಗಂಡು ನೋಡಲು. ದಾವಣಗೆರೆಯ ಹುಡುಗಿ, ವರ್ಗವಾಗಿ ಬಂದು ವಿಜಯವಾಡದಲ್ಲಿ ಕೆಲಸ. ಎದುರಿಗೆ ಕೂತಿದ್ದವನು ಪದ್ಮಾ ಅವರ ಮಗ ಫಣಿ, ಕೋಚಿಂಗ್ ಸೆಂಟರಿನ ಫಿಸಿಕ್ಸ್ ಮೇಷ್ಟ್ರು. ತಂದೆ ತೆಲುಗಿನವರು, ತಾಯಿ ಬಳ್ಳಾರಿಯವರು.

ಅವಳು ಒಳಗೆ ಬಂದಾಗಿನಿಂದ ಅವನ ಕಣ್ಣು ಅವಳ ಮೇಲೇ ಇತ್ತು. ಅವಳಿಗೂ ಅದು ಹಿತವಾಗಿಯೇ ಇತ್ತು... ಈ ಮಾತು ಬರುವವರೆಗೆ!

"ಭಾನುವಾರ ಬೆಳಿಗ್ಗೆ ಎರಡು ಗಂಟೆ ಆಡ್ತೀನಿ ಆಂಟಿ. ವಾರವಿಡೀ ದುಡಿದ ಮೇಲೆ ನನಗೆ ಅಂತ ಸಿಗೋದು ಅಷ್ಟೇ."

"ಮದುವೆ ಆದ್ಮೇಲೆ ಅದೆಲ್ಲ ತಾನಾಗೇ ನಿಲ್ಲುತ್ತೆ ಬಿಡು! ಅಲ್ವೇನೋ ಫಣಿ?"

ಫಣಿ ತಲೆ ತಗ್ಗಿಸಿ ನಕ್ಕ. ಅಷ್ಟೇ.

'ನಗ್ತಾನೆ! ಗಂಡಸರು ಇಡೀ ದಿನ ಕ್ರಿಕೆಟ್ ನೋಡಿದರೆ ಅದು ವಿಶ್ರಾಂತಿ. ನನ್ನ ಎರಡು ಗಂಟೆ ಮಾತ್ರ ಹುಡುಗಾಟ!'

"ನಿಲ್ಲಲ್ಲ ಆಂಟಿ," ಎಂದಳು, ಲೋಟ ಕೆಳಗಿಟ್ಟು. "ಅಪ್ಪಾ, ಹೊರಡೋಣ."

ಅಪ್ಪನ ಜೊತೆ ರೈಲು ಹತ್ತಿದಳು. ಸಿಟ್ಟು ದಾರಿಯುದ್ದಕ್ಕೂ ಆರಲಿಲ್ಲ. ಫಣಿ ಮನಸ್ಸಿಗೆ ಹಿಡಿಸಿದ್ದ... ಸಿಟ್ಟು ಅದಕ್ಕೇ ಹೆಚ್ಚು!

ಮುಂದಿನ ಶನಿವಾರ ಸಂಜೆ ಅವಳು ವಿಜಯವಾಡದ ಬೆಂಜ್ ಸರ್ಕಲ್ ಬಳಿಯ ಬ್ಯಾಂಕಿನಿಂದ ಹೊರಬಂದರೆ, ಎದುರಿಗೆ ಫಣಿ!

"ಸಾರಿ ಅಂಡಿ..." ಅವನ ಕನ್ನಡದೊಳಗೆ ತೆಲುಗಿನ ಮರ್ಯಾದೆ ನುಸುಳಿತು.

"ಯಾವುದಕ್ಕೆ? ನಕ್ಕಿದ್ದಕ್ಕಾ?"

"ನಿಮ್ಮನ್ನ ನೋಡಿ ನಗಲಿಲ್ಲ. ಹೆದರಿ ನಕ್ಕೆ. ನಾನೂ ಆಡ್ತೀನಿ... ರೂಮಿನ ಬಾಗಿಲು ಹಾಕ್ಕೊಂಡು, ಆನ್‌ಲೈನ್ ಕ್ಲಾಸ್ ಅಂತ ಅಮ್ಮನಿಗೆ ಸುಳ್ಳು ಹೇಳಿ."

ಅವಳ ಸಿಟ್ಟು ಇಳಿಯಲಿಲ್ಲ, ನೆತ್ತಿಗೇರಿತು.

"ಅಂದ್ರೆ ಬಚ್ಚಿಟ್ಟು ಆಡೋಕೆ ನೀವು, ಬೈಸಿಕೊಳ್ಳೋಕೆ ನಾನು! ನಿಜ ಹೇಳಿದ್ದೇ ನನ್ನ ತಪ್ಪಾ?"

ಫಣಿ ಫೋನ್ ತೆಗೆದ. ಅಮ್ಮನಿಗೆ ಕರೆ ಮಾಡಿ, ಸ್ಪೀಕರ್ ಹಾಕಿದ.

"ಅಮ್ಮಾ, ರಜದ ದಿನ ನನಗೆ ಯಾವ ಕ್ಲಾಸೂ ಇರಲ್ಲ. ಗೇಮ್ ಆಡ್ತಿದ್ದೆ."

"ಮೂವತ್ತು ದಾಟಿದವನು! ನಾಚಿಕೆ ಆಗಲ್ವೇನೋ?"

"ಆಗುತ್ತಮ್ಮಾ. ಆಡಿದ್ದಕ್ಕಲ್ಲ, ಆವತ್ತು ಬಾಯಿ ಮುಚ್ಕೊಂಡು ಕೂತಿದ್ದಕ್ಕೆ. ಅಕ್ಷಯಾ ಯಾಕೆ ನಿಲ್ಲಿಸಬೇಕು? ನಾನೂ ನಿಲ್ಲಿಸಲ್ಲ."

ಆ ಕಡೆ ಪದ್ಮಾ ಅವರ ದನಿ ತುಸು ಇಳಿಯಿತು.

"ಇಬ್ಬರೂ ಆಟಕ್ಕೆ ಕೂತ್ರೆ ತಿಂಡಿ ಯಾರೋ ಮಾಡೋದು?"

"ನಾನು."

"ನಿನಗೆ ನೆಟ್ಟಗೆ ಉಪ್ಪಿಟ್ಟು ಕೂಡ ಬರಲ್ಲ... ಆ ಹುಡುಗೀನ ಕರ್ಕೊಂಡು ಬಾ. ನಾನೇ ಅವಳ ಹತ್ರ ಮಾತಾಡ್ತೀನಿ."

ಫೋನ್ ಕಟ್ಟಾಯಿತು. ಉಕ್ಕಿಬಂದ ನಗುವನ್ನು ಅಕ್ಷಯಾ ಕಷ್ಟಪಟ್ಟು ನುಂಗಿಕೊಂಡಳು.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ!"

"ಹೋಗೋವರೆಗೂ ಬರ್ತಾನೇ ಇರ್ತೀನಿ. ನೀವಂದ್ರೆ ನನಗೆ ತುಂಬಾ ಇಷ್ಟ ಅಕ್ಷಯಾ."

ಅವಳ ಕಣ್ಣು ತುಂಬಿತು. ಮುಖ ಬೇರೆ ಕಡೆ ತಿರುಗಿಸಿ ಕೇಳಿದಳು:

"ನನ್ನ ಹತ್ರ ಸೋತ್ರೆ ಮುಖ ಊದಿಸ್ಕೊಳ್ತೀರಾ?"

"ಇಲ್ಲ ಅಂಡಿ. ಪಕ್ಕದಲ್ಲೇ ಕೂತು ಇನ್ನೊಂದು ಆಟ ಕೇಳ್ತೀನಿ."

ಅಕ್ಷಯಾ ಮೆಲ್ಲಗೆ ಅವನ ಕೈ ಹಿಡಿದಳು.

"ಕೇಳಿ... ಇಲ್ಲ ಅನ್ನಲ್ಲ."