ಬೆಚ್ಚಗಿದ್ದ ಪಿಸ್ತೂಲು

ಕುವೈತಿನಲ್ಲಿ ನನ್ನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಅಬು ಫಹದ್ ಅವರಿಗೆ ಹಳೆಯ ಪಿಸ್ತೂಲುಗಳ ಹುಚ್ಚು. ಜರ್ಮನಿ, ಜಪಾನ್, ಸ್ಪೇನ್ ಎಂದು ದೇಶದೇಶಗಳ ಅಪರೂಪದ ಸೆಮಿ ಆಟೋಮ್ಯಾಟಿಕ್‌ಗಳು ಅವರ ಗಾಜಿನ ಕಪಾಟಿನಲ್ಲಿದ್ದವು. ಅವನ್ನು ಒರೆಸಿ ಎಣ್ಣೆ ಹಚ್ಚುವುದು ನನ್ನ ಕೆಲಸ. ಏಸಿಯ ಚಳಿಗೆ ಎಲ್ಲವೂ ತಣ್ಣಗೆ ಕೊರೆಯುತ್ತಿದ್ದವು. ಹೊಸದಾಗಿ ಬಂದ ಸ್ಪೇನಿನದ್ದು ಮಾತ್ರ ಯಾರೋ ಈಗಷ್ಟೇ ಕೆಳಗಿಟ್ಟಂತೆ ಬೆಚ್ಚಗಿರುತ್ತಿತ್ತು.

"ನೊರ್ಬರ್ಟ್, ಮತ್ತೆ ಇದನ್ನು ಹಿಡಿದು ಆಡಿದೆಯಾ?" ಎಂದು ಅವರು ದಿನಾ ಬೈಯುತ್ತಿದ್ದರು. ಒಂದು ಮಧ್ಯಾಹ್ನ ಅತಿಥಿಗಳ ಮುಂದೆಯೇ ಬೈದಾಗ ನನಗೆ ಮೈಯೆಲ್ಲ ಉರಿಯಿತು.

"ಪಿಸ್ತೂಲಿನ ಕೋಣೆಗೆ ಬೀಗ ಹಾಕಿ, ಬಾಬಾ. ಕೀಲಿ ನಿಮ್ಮ ಹತ್ತಿರವೇ ಇರಲಿ," ಎಂದು ಬೀಗ ಹಾಕಿಸಿ ಅವರೊಂದಿಗೆ ಬಾಗಿಲ ಹೊರಗೆ ಕೂತೆ. ಚಹಾ ಮುಗಿಯುವಷ್ಟರಲ್ಲಿ ಒಳಗೆ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಎಳೆದು ಬಿಟ್ಟ ಸದ್ದಾಯಿತು.

ಬೀಗ ತೆಗೆದರೆ ಒಳಗೆ ಯಾರೂ ಇರಲಿಲ್ಲ.

"ಈಗ ಮುಟ್ಟಿದ್ದು ಯಾರು, ಹೇಳಿ," ಎಂದು ಸಿಟ್ಟಿನಲ್ಲಿ ಆ ಸ್ಪೇನಿನ ಪಿಸ್ತೂಲಿಗೆ ಬಲಗೈ ಹಾಕಿದೆ. ಅದು ಬರಲಿಲ್ಲ. ಜಗ್ಗಿದಾಗ, ಅದನ್ನು ಹಿಡಿದಿದ್ದ ಕಾಣದ ಇನ್ನಾರದೋ ಕೈಯ ಬೆರಳುಗಳು ಒಂದೊಂದಾಗಿ ಸಡಿಲಿದಂತಾಗಿ ನನ್ನ ಕೈಗೆ ಬಂತು.

"ಖಲಾಸ್, ಸಾಕು, ಅಲ್ಲೇ ಇಡು," ಎಂದರು ಅಬು ಫಹದ್, ನನ್ನ ಮುಖ ನೋಡದೆ.

ಅಂದೇ ಕೆಲಸ ಬಿಟ್ಟೆ. ಅವರು ತಪ್ಪಾಯಿತೆಂದು ಒಂದು ಮಾತೂ ಹೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ. ಈಗ ಕುವೈತಿನಲ್ಲೇ, ಮಂಗಫ್‌ನ ಮನೆಯಲ್ಲಿ ಹೆಂಡತಿ ಒಲಿಂಡಾ ನನ್ನ ಬಲಗೈ ಮುಟ್ಟಿದಾಗಲೆಲ್ಲ ಕೇಳುತ್ತಾಳೆ: "ಇದೊಂದೇ ಯಾಕೆ ಇಷ್ಟು ತಣ್ಣಗೆ?"